ಎಡಕ್ಕೇ ಅಂಟಿಕೊಂಡ ಗಾಳಿ

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ ತಿಪಟೂರಿನ ಮಂಡಿ ವ್ಯಾಪಾರಿ ಈರಣ್ಣ. ಪಕ್ಕದ ಮೋಟಾರ್ ರೀವೈಂಡಿಂಗ್ ಅಂಗಡಿಯ ಯೋಗಿತಾಳನ್ನೂ ಹಾಗೆಯೇ ಅಂದಾಜು ಮಾಡಿದ್ದರು: ಕೈ ಒಂದನೇ ದರ್ಜೆ, ಮಾತು ಕಡಿಮೆ, ವ್ಯಾಪಾರದ ಬುದ್ಧಿ ಜೊಳ್ಳು. ಇಲ್ಲದಿದ್ದರೆ ರೈತರ ಪಂಪ್‌ಸೆಟ್ಟುಗಳು ಸಾಲುಗಟ್ಟಿ ಕಾದಿರುವಾಗ ಯಾರಾದರೂ ಹಳೇ ರೇಡಿಯೋ ಬಿಡಿಭಾಗ ಹೆಕ್ಕಿ ಕೂಗುವ ಪೆಟ್ಟಿಗೆ ಕಟ್ಟುತ್ತಾರೆಯೇ?

ಅದನ್ನು ಅವಳು ಸಿಂಥಸೈಜರ್ ಎನ್ನುತ್ತಿದ್ದಳು. ತಂತಿಯಿಲ್ಲ, ತಿದಿಯಿಲ್ಲ; ಕರೆಂಟಿನ ಏರಿಳಿತವೇ ಅದರಲ್ಲಿ ನಾದವಾಗುತ್ತಿತ್ತು. ತುರುವೇಕೆರೆಯ ನಾಟಕದ ಮೇಷ್ಟ್ರು ಸೂರ್ಯಪ್ರಕಾಶ್ ಒಮ್ಮೆ ಕೇಳಿ, ತಮ್ಮ ಹೊಸ ನಾಟಕದ ಬಿರುಗಾಳಿ ಇದರಿಂದಲೇ ಏಳಲಿ, ಆದರೆ ರಂಗದ ಎಡದಿಂದ ಬಲಕ್ಕೆ ಬೀಸಿಹೋಗಬೇಕು ಎಂದಿದ್ದರು. ಆಗದಿದ್ದರೆ ಮೊಬೈಲಿನ ರೆಕಾರ್ಡೇ ಸಾಕು ಎಂದೂ ಸೇರಿಸಿದ್ದರು. ಅದಕ್ಕೆಂದೇ ಅವಳು ಇನ್ನೊಂದು ಸರ್ಕ್ಯೂಟ್ ಕೂಡಿಸಿದಳು: ವೋಲ್ಟೇಜ್ ಏರಿದಂತೆ ಸದ್ದು ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಸರಿಯಬೇಕು. ಮಧ್ಯಾಹ್ನ ಸರಿಯುತ್ತಿತ್ತು. ಬೆಳಿಗ್ಗೆ ಎಡಕ್ಕೇ ಅಂಟಿಕೊಳ್ಳುತ್ತಿತ್ತು. ಐಸಿ ಚಿಪ್ ಬದಲಾಯಿಸಿದಳು, ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು. ಉಹೂಂ.

ಮೇಷ್ಟ್ರು ಕೇಳಲು ಬರುವ ದಿನ ಥಂಡಿ ಜೋರಾಗಿತ್ತು. ಪೆಟ್ಟಿಗೆಯದು ಅದೇ ಹಟ.

"ಎಡಗೋಲಿನ ಎತ್ತಿದ್ದಂಗೈತೆ ಕಣಮ್ಮ ನಿನ್ ಗಾಳಿ. ಬಲಕ್ಕೆ ಕಟ್ಟಿದ್ರೆ ನಡೆಯಕಿಲ್ಲ," ಎಂದರು ಈರಣ್ಣ.

"ನಡೀತದೆ ಈರಣ್ಣೋರೆ."

"ನಡೆದ್ರೆ ನಾಟ್ಕ ಮುಗಿಯೋಗಂಟ ಮುಂದ್ಗಡೆ ಬಾಯ್ಮುಚ್ಕೊಂಡು ಕೂತಿರ್ತೀನಿ, ಬುಡು. ವ್ಯಾಪಾರಸ್ಥನ ಮಾತಿದು."

"ವ್ಯಾಪಾರಸ್ಥನ ಮಾತು ಅಂತ್ಲೇ ಭಯ."

ಈರಣ್ಣ ನಗುತ್ತ, ತಲೆಗೆ ಹಚ್ಚಿಕೊಳ್ಳಲು ತಂದಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದರು. ಬೆಳ್ಳಗೆ ಗಟ್ಟಿಯಾಗಿತ್ತು, ಹನಿಯೂ ಬೀಳಲಿಲ್ಲ. ಕರಗಲೆಂದು ಮೆಟ್ಟಿಲ ಮೇಲಿನ ಎಳೆಬಿಸಿಲಿಗೆ ಇಟ್ಟರು.

ಯೋಗಿತಾ ಬಾಟಲಿಯನ್ನು ನೋಡಿದಳು, ಆಮೇಲೆ ಪೆಟ್ಟಿಗೆಯನ್ನು. ಸದ್ದನ್ನು ಎಡಬಲ ಮಾಡುವ ತಿರುಗುಗುಂಡಿ ಹಳೆಯದು, ಬಿಗಿಯಾಗಿತ್ತು. ಬಾಗಿಲ ಕೀಲಿಗೆ, ಹೊಲಿಗೆ ಮಿಷನ್ನಿಗೆ, ಕೂಸಿನ ನೆತ್ತಿಗೆ ಈ ಸೀಮೆಯವರು ಏನು ಹಾಕುತ್ತಾರೋ ಅವಳೂ ಅದನ್ನೇ ಹಾಕಿದ್ದಳು: ಒಂದು ತೊಟ್ಟು ಕೊಬ್ಬರಿ ಎಣ್ಣೆ. ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ, ಗುಂಡಿಯ ತಗಡಿನ ನಾಲಿಗೆಯನ್ನು ಎತ್ತಿ ಹಿಡಿಯುತ್ತಿತ್ತು. ವೋಲ್ಟೇಜ್ ದಾಟಲು ದಾರಿಯೇ ಇರುತ್ತಿರಲಿಲ್ಲ.

"ಥೂ, ನನ್ ಕೈಗಿಷ್ಟು," ಎಂದು ತನಗೆ ತಾನೇ ಬೈದುಕೊಂಡು ಗುಂಡಿ ಬಿಚ್ಚಿದಳು. ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ ಕೂಡಿಸುವಷ್ಟರಲ್ಲಿ ಮೇಷ್ಟ್ರ ಬೈಕು ಬಾಗಿಲಲ್ಲಿ ನಿಂತಿತು.

ಗಾಳಿ ಎಡದ ಸ್ಪೀಕರಿನಲ್ಲಿ ಎದ್ದಿತು. ಬಿಚ್ಚಿಟ್ಟ ಮೋಟಾರುಗಳ ಮೇಲೆ ಹಾಯ್ದು ನಿಧಾನಕ್ಕೆ ಬಲಕ್ಕೆ ಹೋಯಿತು. ಈರಣ್ಣನ ತಲೆ ತಾನಾಗಿಯೇ ಅದರ ಹಿಂದೆ ತಿರುಗಿತು.

"ಇದೇ ಇರ್ಲಮ್ಮ," ಎಂದರು ಮೇಷ್ಟ್ರು. "ಮೂರನೇ ಅಂಕಕ್ಕೆ ಮಳೇನೂ ಬೇಕು. ಆಗುತ್ತಾ?"

"ಆಗುತ್ತೆ ಸಾರ್. ಎಣ್ಣೆ ಮಾತ್ರ ಹಾಕಕಿಲ್ಲ."

ಮೇಷ್ಟ್ರಿಗೆ ಅದು ಅರ್ಥವಾಗಲಿಲ್ಲ. ಈರಣ್ಣನಿಗೆ ಆಯಿತು, ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಅಭ್ಯಾಸ ಈಗಿನಿಂದಲೇ ಆಗಲಿ. ಅವರು ಯೋಗಿತಾಳಿಗೆ ಒಂದು ಇಡೀ ನಾಟಕದಷ್ಟು ಮೌನ ಕೊಡಬೇಕಾಗಿದೆ.