ಅಕ್ಕ ಕಂಡ ನಿದ್ದೆ

ನಮ್ಮ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಅವರು ಎಲ್ಲರಿಗೂ ಅಕ್ಕ. ಹತ್ತೊಂಬತ್ತು ವರ್ಷಗಳಿಂದ ಅವರದ್ದು ಒಂದೇ ಕೆಲಸ: ಬಂದವರ ಓಲೆ, ಉಂಗುರ, ಹೇರ್‌ಪಿನ್ನು ತೆಗೆಸಿ, ಹೊದಿಕೆ ಹೊದಿಸಿ ಯಂತ್ರದೊಳಕ್ಕೆ ಕಳಿಸುವುದು. "ಒಳಗೆ ಡಬಡಬ ಅನ್ನುತ್ತೆ ಅಷ್ಟೆ, ನಮ್ಮ ಯಜಮಾನರ ಸ್ಕೂಟರ್‌ಗಿಂತ ಕಡಿಮೇನೇ" ಎಂದರೆ ಹೆದರಿದವರೂ ನಕ್ಕುಬಿಡುತ್ತಿದ್ದರು.

ಆಗ ನಾನು ಸಂಶೋಧನೆಯ ಮೂರನೇ ವರ್ಷದಲ್ಲಿದ್ದೆ. ಸುಮ್ಮನೆ ಮಲಗಿರುವಾಗಲೂ ಮಿದುಳಿನ ಯಾವ ಭಾಗ ಯಾವುದರೊಂದಿಗೆ ತಾಳ ಹಾಕುತ್ತದೆಂದು ಅಳೆದು, ಒಂದೇ ಬಗೆಯ ನಂಟುಳ್ಳ ಮಿದುಳುಗಳನ್ನು ಕಂಪ್ಯೂಟರಿನಿಂದ ಗುಂಪು ಮಾಡಿಸುತ್ತಿದ್ದೆ. ಎಂಬತ್ತು ಜನರ ಮಿದುಳುಗಳು ಅಕ್ಕಿ, ಬೇಳೆ ಬೇರೆ ಮಾಡಿದಷ್ಟು ಸ್ಪಷ್ಟವಾಗಿ ಎರಡು ಗುಂಪಾದವು. ನನ್ನ ಕಾಲು ನೆಲದ ಮೇಲಿರಲಿಲ್ಲ. ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರೂ ಬೆನ್ನು ತಟ್ಟಿದರು.

ಎರಡನೇ ಗುಂಪಿನ ಪಟ್ಟಿ ನನ್ನ ಮೇಜಿನ ಮೇಲಿತ್ತು. ಹೆಸರಿಲ್ಲ, ಬರೀ ಕ್ರಮಸಂಖ್ಯೆ ಮತ್ತು ಸ್ಕ್ಯಾನ್ ಮಾಡಿದ ಸಮಯ. ಚಹಾ ಕುಡಿಯಲು ಬಂದ ಅಕ್ಕ ಬಗ್ಗಿ ನೋಡಿದರು.

"ನಿದ್ದೆ ಹೊಡೆದೋರನ್ನೆಲ್ಲ ಯಾಕಮ್ಮ ಒಂದ್ಕಡೆ ಹಾಕಿದೀರಾ?"

"ಯಾವ ನಿದ್ದೆ ಅಕ್ಕ?"

"ಇವರೆಲ್ಲ ಊಟ ಮುಗಿಸಿ ಬಂದೋರು. ಎಚ್ಚರ ಇರಿ ಅಂದ್ರೆ ಹ್ಞೂಂ ಅಂತಾರೆ. ಹೊರಗೆ ಎಳೆದಾಗ ಬೆಳಗಾಯ್ತಾ ಅಂತ ಕೇಳ್ತಾರೆ!"

ತಮ್ಮ ರಿಜಿಸ್ಟರ್ ತಂದರು. ಕೆಲವು ಸಂಖ್ಯೆಗಳ ಪಕ್ಕ ಪೆನ್ಸಿಲಿನಲ್ಲಿ 'ನಿ' ಎಂದಿತ್ತು.

"ಇದನ್ನ ಯಾಕೆ ಬರೆದಿಟ್ರಿ?"

"ನಿದ್ದೆಯಿಂದ ದಡಕ್ಕನೆ ಎದ್ರೆ ತಲೆ ತಿರುಗುತ್ತಲ್ಲ. ಅವರು ಇನ್ನೊಂದ್ಸಲ ಬಂದ್ರೆ ಕೈ ಹಿಡ್ಕೊಳ್ಳೋಕೆ ನೆನಪಿರ್ಲಿ ಅಂತ."

ಆ ಗುಂಪಿನ ಮೂವತ್ತೊಂದು ಜನರಲ್ಲಿ ಇಪ್ಪತ್ತೇಳು ಜನರಿಗೆ 'ನಿ' ಇತ್ತು. ಇನ್ನೊಂದು ಗುಂಪಿನಲ್ಲಿ ಇಬ್ಬರಿಗೆ ಮಾತ್ರ. ಕಂಪ್ಯೂಟರಿನದೇನೂ ತಪ್ಪಿರಲಿಲ್ಲ, ಮಲಗಿದವರನ್ನೂ ಎಚ್ಚರವಿದ್ದವರನ್ನೂ ಅದು ಚೆನ್ನಾಗಿಯೇ ಬೇರೆ ಮಾಡಿತ್ತು. ನಾನದನ್ನು ಎರಡು ಬಗೆಯ ಮನುಷ್ಯರೆಂದು ಸಾರಲು ಹೊರಟಿದ್ದೆ.

ಮೇಷ್ಟ್ರು ರಿಜಿಸ್ಟರನ್ನು ನನ್ನ ಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿದರು. ಕೊನೆಗೆ, "ಅಚ್ಚಾಗೋಕೆ ಮುಂಚೆ ಗೊತ್ತಾಯ್ತಲ್ಲ, ನಿನ್ನ ಪುಣ್ಯ" ಎಂದರು.

ಐದು ತಿಂಗಳು, ಬೆಳಗಿನ ಹೊತ್ತಿನಲ್ಲೇ, ಕಣ್ಣು ತೆರೆದಿರಲು ಹೇಳಿ ಎಲ್ಲರನ್ನೂ ಮತ್ತೆ ಸ್ಕ್ಯಾನ್ ಮಾಡಿದೆವು. ಎರಡು ಗುಂಪು ಮಾಯ. ನಿದ್ದೆ ನಮ್ಮನ್ನು ಏಮಾರಿಸಿದ ಬಗೆಯನ್ನೇ ಪ್ರಬಂಧವಾಗಿ ಬರೆದೆವು. ಲೇಖಕರ ಪಟ್ಟಿಯಲ್ಲಿ ಅಕ್ಕನ ಹೆಸರೂ ಬಂತು. ಅದರ ಮೇಲೆ ಬೆರಳಾಡಿಸುತ್ತ, "ನಾನೇನ್ ಮಾಡ್ದೆ ಅಂತಮ್ಮ?" ಎಂದರು.

"ನನ್ನ ಮಾನ ಉಳಿಸಿದ್ರಿ ಅಕ್ಕ" ಎಂದೆ.

ಈಗ ನನಗೂ ವಿದ್ಯಾರ್ಥಿಗಳಿದ್ದಾರೆ. ಮೊದಲ ವಾರ ಅವರಿಗೆ ಕಂಪ್ಯೂಟರ್ ಕೊಡುವುದಿಲ್ಲ, ಅಕ್ಕನ ಹತ್ತಿರ ಕಳಿಸುತ್ತೇನೆ. ನಿನ್ನೆ ಅಕ್ಕನ ದೂರು ಬಂತು: "ನಿಮ್ಮ ಹೊಸ ಹುಡುಗಿ ಕೈ ಮಂಜುಗಡ್ಡೆ ಕಣಮ್ಮ, ಬಂದೋರು ಬೆಚ್ಚಿಬೀಳ್ತಾರೆ. ಉಜ್ಜಿ ಬಿಸಿ ಮಾಡ್ಕೊಂಡು ಮುಟ್ಟು ಅಂತ ಹೇಳಿದೀನಿ."