ಮೂರು ಡಿಸ್ಕು, ಒಂದು ಬೊಟ್ಟು ಕುಂಕುಮ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಕೆಲಸವೆಂದರೆ ಒಂದು ಎಸಿ ಕೋಣೆಯನ್ನು ಕಾಯುವುದು. ಬಾಗಿಲ ಮೇಲೆ ಕಂಪ್ಯೂಟರ್ ವಿಭಾಗ ಎಂದು ಬರೆದಿತ್ತು. ವಿಭಾಗ ಎಂದರೆ ನಾನೊಬ್ಬನೇ. ತಗಡು ಒತ್ತುವ ಪ್ರೆಸ್ ಶಾಪಿನವರು ಊಟಕ್ಕೆ ಗುಂಪು ಕಟ್ಟಿಕೊಂಡು ಹೋಗುತ್ತಿದ್ದರು. ಪ್ರಿಂಟರ್ ಕೈಕೊಟ್ಟಾಗ ಮಾತ್ರ ಮಹಾಶಯರಿಗೆ ನನ್ನ ನೆನಪಾಗುತ್ತಿತ್ತು.

ಕೋಣೆಯಲ್ಲಿ ಒಂದು ಸರ್ವರ್, ಪಕ್ಕದಲ್ಲಿ ಮೂರು ಡಿಸ್ಕುಗಳ ಪೆಟ್ಟಿಗೆ. ಪೆಟ್ಟಿಗೆಯಿಂದ ದಪ್ಪ ಕೇಬಲ್ಲೊಂದು ಸರ್ವರಿನೊಳಗಿನ ಕಾರ್ಡಿಗೆ ಹೋಗುತ್ತಿತ್ತು. ಮೂರೂ ಸೇರಿ ಆಫೀಸಿನವರಿಗೆ ಒಂದೇ ಡಿಸ್ಕಿನ ಹಾಗೆ ಕಾಣುವಂತೆ ಮಾಡುತ್ತಿದ್ದುದು ಆ ಕಾರ್ಡು. ಏನೇ ಬರೆದರೂ ತುಂಡು ಮಾಡಿ ಎರಡು ಡಿಸ್ಕುಗಳಿಗೆ ಹಂಚಿ, ಆ ಎರಡು ತುಂಡುಗಳ ಲೆಕ್ಕವನ್ನು ಮೂರನೆಯದರಲ್ಲಿ ಇಡುತ್ತಿತ್ತು. ಲೆಕ್ಕ ಇಟ್ಟುಕೊಳ್ಳುವ ಸರದಿ ಮೂರಕ್ಕೂ ಬರುತ್ತಿತ್ತು. ಒಂದು ಕೆಟ್ಟರೆ ಉಳಿದೆರಡರಿಂದ ಅದರಲ್ಲಿದ್ದದ್ದನ್ನು ಮತ್ತೆ ತೆಗೆಯಬಹುದು. ಎರಡು ಹೋದರೆ ಎಲ್ಲಾ ಗೋವಿಂದ.

ಆ ಪೆಟ್ಟಿಗೆಯನ್ನು ನಂಬಿ ಅದರಲ್ಲಿ ಅವ್ವನ ದನಿ ಇಟ್ಟಿದ್ದೆ. ಅವಳು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ, ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಾ ಆಡಿದ ಮಾತುಗಳನ್ನು ಪುಟ್ಟ ರೆಕಾರ್ಡರಿನಲ್ಲಿ ಹಿಡಿದಿದ್ದೆ. ಆ ರೆಕಾರ್ಡರ್ ಕೆಟ್ಟು ಹೋಗಿ, ಪೆಟ್ಟಿಗೆಯಲ್ಲಿದ್ದದ್ದೊಂದೇ ಉಳಿದಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಅವಳ ಮಾತು ಹಾಕಿಕೊಳ್ಳುತ್ತಿದ್ದೆ. ಒಂದು ಕಡೆ ಹುಳುವಿನ ಸುದ್ದಿ ನಿಲ್ಲಿಸಿ, “ಉಂಡ್ಯೇನ್ಲಾ ಮಗಾ?” ಎನ್ನುತ್ತಾಳೆ. ಅದನ್ನು ಕೇಳಿದ ಮೇಲೆಯೇ ನಾನು ಮೊದಲ ತುತ್ತು ಬಾಯಿಗಿಡುತ್ತಿದ್ದೆ.

ಆಯುಧಪೂಜೆಯ ಹಿಂದಿನ ದಿನ ಒಂದು ಡಿಸ್ಕು ಕೆಟ್ಟಿತು. ಹೊಸದನ್ನು ಹಾಕಿದೆ. ಉಳಿದೆರಡನ್ನು ಓದಿ ಓದಿ ಕಾರ್ಡು ಅದನ್ನು ತುಂಬಿಸತೊಡಗಿತು. ಅದು ಮುಗಿಯುವವರೆಗೆ ಯಾರೂ ಏನನ್ನೂ ಮುಟ್ಟಬಾರದು.

ನಮ್ಮಲ್ಲಿ ಪೂಜೆಗೆ ಮುಂಚೆ ಯಂತ್ರಗಳನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಒರೆಸಿ ಬೊಟ್ಟಿಡುವುದು ವಾಡಿಕೆ. ಮರುದಿನ ಬೆಳಿಗ್ಗೆ ನಾನು ಟೀ ಕುಡಿದು ಬರುವಷ್ಟರಲ್ಲಿ ನಮ್ಮ ಎಲೆಕ್ಟ್ರಿಷಿಯನ್ ನನ್ನ ಕೋಣೆಯಲ್ಲಿದ್ದ. ಉಯ್ಯಂಬಳ್ಳಿ ಕಡೆಯವನು, ನನ್ನ ವಾರಿಗೆಯವನು. ಹಳೆಯ ಡಿಸ್ಕೊಂದನ್ನು ಹೊರಗೆಳೆದು ಒರೆಸಿ, ಕುಂಕುಮವಿಟ್ಟು, ಮತ್ತೆ ಒಳಕ್ಕೆ ತಳ್ಳುತ್ತಿದ್ದ.

“ಏನ್ಲಾ ಮಾಡ್ಬುಟ್ಟೆ!”

“ಧೂಳು ಕೂತಿತ್ತು ಕಣ್ಲಾ, ಒಸಿ ಒರುಸ್ದೆ. ವರ್ಸೆಲ್ಲಾ ಒಬ್ನೇ ಕೂತಿರ್ತೀಯ, ಪೂಜೆನಾದ್ರೂ ಆಗ್ಲಿ ಅಂತ ಬಂದೆ.”

ಹೊಸದು ಇನ್ನೂ ತುಂಬಿರಲಿಲ್ಲ, ಹೊರಗೆಳೆದದ್ದನ್ನೂ ಕಾರ್ಡು ಕೆಟ್ಟದ್ದೆಂದೇ ಎಣಿಸಿತ್ತು; ಅಲ್ಲಿಗೆ ಎರಡು ಹೋದಂತೆ. ಬಾಯಿಗೆ ಬಂದಂತೆ ಬೈದೆ. ಅವನು ಮೇಜಿನ ಮೇಲೆ ಕಡ್ಲೆಪುರಿಯ ಪೊಟ್ಟಣ ಇಟ್ಟು ಹೊರಟುಹೋದ.

ಕಾರ್ಖಾನೆಯ ಡ್ರಾಯಿಂಗುಗಳ ಪ್ರತಿ ಟೇಪಿನಲ್ಲಿತ್ತು, ಅವಕ್ಕೇನೂ ಆಗುವಂತಿರಲಿಲ್ಲ. ಆ ಟೇಪಿಗೆ ಸ್ವಂತದ್ದನ್ನು ಹಾಕುವ ಹಾಗಿರಲಿಲ್ಲವಾದ್ದರಿಂದ ಅವ್ವ ಅದರಲ್ಲಿರಲಿಲ್ಲ. ಬೂದುಗುಂಬಳ ಒಡೆದಾದ ಮೇಲೆ ಎಲ್ಲರೂ ಕನಕಪುರದ ಬಸ್ಸು ಹತ್ತಿದರು. ಪ್ರೆಸ್ಸುಗಳ ಸದ್ದಿಲ್ಲದ ಕಾರ್ಖಾನೆಯಲ್ಲಿ ನಾನು ಕುಂಕುಮದ ಡಿಸ್ಕನ್ನು ಸರಿಯಾಗಿದೆ ಎಂದು ಒಪ್ಪಿಕೊಳ್ಳುವಂತೆ ಕಾರ್ಡಿಗೆ ದುಂಬಾಲು ಬಿದ್ದೆ. ಕೊನೆಗೂ ಒಪ್ಪಿತು. ಕೆಲವು ಫೈಲುಗಳು ತೆರೆದವು, ಕೆಲವು ತೆರೆಯಲಿಲ್ಲ.

ಅವ್ವನದು ತೆರೆಯಿತು. ದನಿ ಕೇಳಿದ್ದೇ ಕಣ್ಣು ತುಂಬಿ ಬಂತು. ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದದ್ದು, ಸೊಪ್ಪು ಸಾಲದೆ ಹೋದದ್ದು, ಎಲ್ಲಾ ಇತ್ತು. ಡಬ್ಬಿ ಬಿಚ್ಚಿಕೊಂಡು ಆ ಜಾಗಕ್ಕಾಗಿ ಕಾದೆ. ದನಿ ಅಲ್ಲಿ ಸಟ್ಟನೆ ಕಡಿದು ಮುಂದಕ್ಕೆ ಹಾರಿತು. ಅವ್ವ ಕೇಳಲೇ ಇಲ್ಲ. ಅವತ್ತಿನ ನನ್ನ ಉತ್ತರ ಮಾತ್ರ ಬಂತು.

“ಊಂ ಕಣವ್ವ, ಉಂಡೆ.”

ಹಿಂದಕ್ಕೆ ಸರಿಸಿ ಮತ್ತೆ ಹಾಕಿದೆ. ಅಷ್ಟೇ ಇತ್ತು. ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ.