ಮಸಿ ಗೀಟಿನ ಮೊಟ್ಟೆ

ನಮ್ಮವ್ವ ಸಾಕಿದ್ದ ಕೋಳಿಗಳ ವಂಶದಲ್ಲಿ ಈಗ ಉಳಿದಿರುವುದು ಒಂದೇ ಒಂದು ಕಪ್ಪು ಹ್ಯಾಟೆ. ಹೋದ ಬೇಸಿಗೆಯಲ್ಲಿ ರೋಗ ಬಂದು ಮಿಕ್ಕವೆಲ್ಲ ಸತ್ತವು. ಹುಂಜ ಬೇಕಾದರೆ ಊರ ತುಂಬ ಇವೆ; ಈ ಹ್ಯಾಟೆ ಮರಿ ಮಾಡದಿದ್ದರೆ ಮಾತ್ರ ಅವ್ವನ ಕೋಳಿಗಳ ಕತೆ ಮುಗಿದಂತೆಯೇ. ಈ ಗುರುತರ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಮೂವತ್ತು ವರ್ಷ ನಾಡಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಒಂದು ಕೋಳಿ ಯಾವ ಲೆಕ್ಕ?

ಹಿತ್ತಲಲ್ಲಿ ಗೂಡು ಕಟ್ಟಿಸಿದೆ. ಶೀಟಿನ ಮಾಡು, ತಂತಿಜಾಲರಿಯ ಬಾಗಿಲು, ಒಳಗೆ ಬಿದಿರ ಮಂಕರಿ, ಅದರಲ್ಲಿ ಹೊಸ ಭತ್ತದ ಹುಲ್ಲು, ಹೇನಾಗದಿರಲೆಂದು ಒಂದು ಹಿಡಿ ಬೂದಿ. ಬನ್ನೂರಿನಲ್ಲಿ ಬಾಡಿಗೆಗಿದ್ದಾಗ ನನಗೇ ಇಷ್ಟು ಅನುಕೂಲವಿರಲಿಲ್ಲ. ಹ್ಯಾಟೆ ಮಂಕರಿಯಲ್ಲಿ ಮೂರು ಮೊಟ್ಟೆ ಇಟ್ಟಿತು. ಇಟ್ಟಿಟ್ಟಂತೆ, ಬಿಸಿ ಆರುವ ಮೊದಲೇ ತೆಗೆದು ರಾಗಿ ಡಬ್ಬದಲ್ಲಿ ಭದ್ರಪಡಿಸಿದೆ. ಹಾವು ಮುಂಗುಸಿಗಳ ಪಾಲಾಗದಿರಲಿ, ಹತ್ತು ಕೂಡಿದ ಮೇಲೆ ಒಟ್ಟಿಗೆ ಕಾವಿಗೆ ಕೂರಿಸೋಣವೆಂಬ ದೂರದೃಷ್ಟಿ. ನಾಲ್ಕನೆಯದು ಬರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೋಳಿ ಬೇಲಿ ನುಸುಳಿ ಮಾಯ. ಮಧ್ಯಾಹ್ನ ಏನೂ ನಡೆದಿಲ್ಲವೆಂಬಂತೆ ಬಂದು ನುಚ್ಚು ಕೇಳುವುದು. ಹತ್ತು ಹನ್ನೆರಡು ದಿನ ಹೀಗೇ ಆಯಿತು.

ಬೇಲಿಯಾಚೆ ತಮ್ಮನ ಹೆಂಡತಿಯ ಹಿತ್ತಲು. ನನಗೆ ಉರಿದುಹೋಯಿತು.

"ಏನವ್ವಾ, ನಮ್ ಕೋಳಿ ಮೊಟ್ಟೆ ನಿಮ್ ಒಲೆ ಸೇರ್ತಾ ಇದ್ದಂಗದೆ?"

ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಾನೇನು ಕಾಗ್ದ ಬರ್ದು ಕರುಸ್ಕಂಡ್ನಾ ಬಾವ? ಅದ್ಕೆ ಕಾಲವೆ. ಬತ್ತದೆ, ಓಯ್ತದೆ."

ಇಂಥ ಉದ್ಧಟತನವನ್ನು ನಾನು ಮೇಲಧಿಕಾರಿಗಳಿಂದ ಮಾತ್ರ ಸಹಿಸಿದ್ದೆ.

ಮನೆಯವಳು ದಾರಿ ಹೇಳಿದಳು: "ಬೆಳಿಗ್ಗೆ ಕೋಳಿ ಇಡ್ದು ಇಂದ್ಗಡೆ ಮುಟ್ಟಿ ನೋಡಿ. ಮೊಟ್ಟೆ ಗಟ್ಟಿಯಾಗಿ ಕೈಗೆ ಸಿಕ್ರೆ ಅವತ್ತು ಬುಡ್ಬೇಡಿ, ಗೂಡಲ್ಲೇ ಕೂಡಾಕಿ."

ಜನ ಸೂರ್ಯನಿಗೆ ಕೈ ಮುಗಿಯುವ ಹೊತ್ತಿನಲ್ಲಿ ನಾನು ಕೋಳಿಯ ಹಿಂಭಾಗದ ಸ್ಥಳ ತನಿಖೆ ನಡೆಸಿದೆ. ಮೊಟ್ಟೆ ಇತ್ತು. ಕೂಡಿಹಾಕಿದೆ. ಹತ್ತು ಗಂಟೆಗೆ ಕೋಳಿ ಕೂಗಿತು, ಓಡಿದೆ. ಮಂಕರಿಯಲ್ಲಿ ಎರಡು ಮೊಟ್ಟೆ! ಒಂದು ಬೆಚ್ಚಗಿತ್ತು. ಇನ್ನೊಂದು ತಣ್ಣಗಿತ್ತು, ಅದರ ಮೈಮೇಲೆ ಇದ್ದಲಿನ ಗೀಟು. ಕೋಳಿಗೆ ಪಶ್ಚಾತ್ತಾಪವಾಗಿ ಒಂದು ಹೆಚ್ಚಿಗೆ ಇಟ್ಟಿರಬೇಕೆಂದುಕೊಂಡು, ಮಸಿಯನ್ನು ಟವೆಲಿನಲ್ಲಿ ಒರೆಸಿ, ಎರಡನ್ನೂ ಡಬ್ಬಕ್ಕೆ ಸೇರಿಸಿ ಬಾಗಿಲು ತೆರೆದೆ. ಅಂದು ಸಂಜೆ ಕೋಳಿ ಗೂಡಿಗೆ ಬರಲಿಲ್ಲ. ಮರುದಿನವೂ ಇಲ್ಲ.

ಮನೆಯವಳು ಡಬ್ಬ ನೋಡಿ ಹಣೆ ಚಚ್ಚಿಕೊಂಡಳು. "ನಾನು ಡಬ್ಬದ್ ಮೊಟ್ಟೆಗೆ ಗೀಟು ಎಳ್ದು ಮಡಗಿದ್ದೇ ನೀವು ಎತ್ಕಬಾರ್ದು ಅಂತ ಕಣ್ರೀ! ಒಂದಾದ್ರೂ ಇದ್ರೆ ತಾನೆ ಅದ್ಕೆ ತನ್ ಜಾಗ ಅನ್ಸೋದು? ಅತ್ತೆ ಮಡಗ್ತಿದ್ದುದ್ದ ನೋಡೇ ಇಲ್ವಾ?"

ನೋಡಿರಲಿಲ್ಲ. ಅವ್ವನ ಮನೆಯಲ್ಲಿ ನಾನು ನೋಡಿದ್ದು ಬೆಂದ ಮೊಟ್ಟೆಗಳನ್ನು ಮಾತ್ರ. "ಮೊದಲೇ ಹೇಳೋಕೇನಾಗಿತ್ತು?" ಎಂದು ರೇಗಿದೆ. ಊರಿಗೇ ಗೊತ್ತಿರುವುದನ್ನು ಗಂಡನಿಗೆ ಬೇರೆ ಹೇಳಬೇಕೆಂದು ಅವಳಿಗೆ ತೋಚಿರಲಿಲ್ಲವಂತೆ.

ಮೂರು ವಾರ, ಮಾತು ಕೇಳಿಸಿಕೊಂಡ ಆ ಹಿತ್ತಲೊಂದನ್ನು ಬಿಟ್ಟು, ಕಬ್ಬಿನ ಗದ್ದೆ, ನಾಲೆ ಏರಿ ಎಲ್ಲ ಹುಡುಕಿದೆ. ಎದುರು ಸಿಕ್ಕ ನಾಯಿಗಳನ್ನೆಲ್ಲ ದುರುಗುಟ್ಟಿ ನೋಡಿದೆ. ಒಂದು ಬೆಳಿಗ್ಗೆ ಬೇಲಿಯಾಚೆ ಚಿಂವ್ ಚಿಂವ್ ಸದ್ದು. ತಮ್ಮನ ಹೆಂಡತಿಯ ಹುಲ್ಲಿನ ಮೆದೆಯ ಬುಡದಿಂದ ಕಪ್ಪು ಹ್ಯಾಟೆ ಎಂಟು ಮರಿಗಳನ್ನು ಹಿಂದಿಟ್ಟುಕೊಂಡು ಹೊರಟಿತ್ತು.

"ಒಂದ್ ಮೊಟ್ಟೆನೂ ಮುಟ್ನಿಲ್ಲ ಬಾವ. ಮುಟ್ಟಿದ್ರೆ ನಮ್ ಮೆದೇನೂ ಬುಟ್ಟೋಗ್ತಿತ್ತು" ಎಂದಳು ಅವಳು.

"ಮೂರು ವಾರ ನಾನು ಅಲೀತಿದ್ನಲ್ಲ, ಆಗ ಬಾಯಿಗೇನಾಗಿತ್ತು?"

"ಯೋಳಿದ್ರೆ ಬಂದು ಎತ್ಕಂಡೋಗಿ ಡಬ್ಬುಕ್ಕೆ ಆಕ್ತಿದ್ರಿ."

ಅವ್ವನ ಕೋಳಿ ಉಳಿಯಿತು, ಒಪ್ಪುತ್ತೇನೆ. ಹಲ್ಲು ಕಚ್ಚಿಕೊಂಡು, ತಾಯಿ ಮರಿಗಳನ್ನು ನಮ್ಮ ಗೂಡಿಗೆ ಕಳಿಸು ಎಂದೆ.

"ನಿಮ್ಮವೇ ಅಲ್ವಾ, ತಗಂಡೋಗಿ. ಆದ್ರೆ ಇನ್ಮೇಲೆ ಗೂಡ್ಗೆ ಕೈ ಆಕದು ಅಕ್ಕ ಒಬ್ರೇ. ಮಾತು ಕೊಡಿ."

ನನ್ನ ಪಕ್ಕದಲ್ಲೇ ನಿಂತಿದ್ದ ಮನೆಯವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಎಂಟು ದಿನವಾಯಿತು. ಮಾತು ಕೊಟ್ಟಿಲ್ಲ. ಬೆಳಿಗ್ಗೆ ಬೆಳಿಗ್ಗೆ ನುಚ್ಚನ್ನು ಮಾತ್ರ ಬೇಲಿಯಾಚೆಗೆ ಎಸೆಯುತ್ತೇನೆ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ.